ಲೇತ್ ಹೋಯಿತು, ಕೆಲಸವನ್ನೂ ಬಿಡಬೇಕಾ?

ಇವರನ್ನು ರಂಗಣ್ಣ ಎಂದು ಕರೆಯೋಣ. ಹೆಸರೂ ಕೆಲವು ವಿವರಗಳೂ ಬದಲಾಗಿವೆ. ವಯಸ್ಸು 44, ಐಟಿಐ ಟರ್ನರ್. ಪೀಣ್ಯದ ಒಂದು ಕಾರ್ಖಾನೆಯಲ್ಲಿ 18 ವರ್ಷ ಲೇತ್, ಅಂದರೆ ಲೋಹವನ್ನು ತಿರುಗಿಸಿ ಕತ್ತರಿಸುವ ಯಂತ್ರ, ನಡೆಸಿದವರು. ಮಾಲೀಕರು ಹಳೆ ಲೇತ್‌ಗಳನ್ನು ಮಾರಿ, ಕಂಪ್ಯೂಟರ್ ಆದೇಶದಂತೆ ನಡೆಯುವ ಸಿಎನ್‌ಸಿ ಮೆಷಿನ್ ತಂದರು. ಇವರನ್ನು ಕೆಲಸದಿಂದ ತೆಗೆಯಲಿಲ್ಲ. ಮೆಷಿನ್‌ಗೆ ಜಾಬ್ (ಕಟ್ ಮಾಡಬೇಕಾದ ಲೋಹದ ತುಂಡು) ಹಾಕಿ ತೆಗೆಯುವ ಕೆಲಸಕ್ಕೆ ನಿಲ್ಲಿಸಿದರು.

ಆಪ್ತಸಲಹೆಗೆಂದು ನನ್ನ ಬಳಿ ಬರುವ ಹೊತ್ತಿಗೆ ಅವರ ತೀರ್ಮಾನ ಆಗಿಹೋಗಿತ್ತು. ರಾಜೀನಾಮೆ ಕೊಟ್ಟು, ಪಿಎಫ್ ತೆಗೆದು, ಗೂಡ್ಸ್ ಆಟೋ ತಗೊಳ್ಳೋದು. ಹೆಂಡತಿ ಒಪ್ಪಿರಲಿಲ್ಲ. "ಮೇಡಂ, ನಮ್ಮನೆಯವರಿಗೆ ಸ್ವಲ್ಪ ಬುದ್ಧಿ ಹೇಳಿ" ಎಂದು ಅವರೇ ಕರೆತಂದಿದ್ದರು.

ಆಪ್ತಸಲಹೆ ಅಂದರೆ ಬುದ್ಧಿ ಹೇಳುವುದಲ್ಲ. ಆಟೋ ಕೆಟ್ಟ ಯೋಚನೆ ಅಂತಲೂ ನನಗೆ ಅನ್ನಿಸಲಿಲ್ಲ. ಯಾವ ಗಾಡಿ, ಲೋಡ್ ಎಲ್ಲಿ ಸಿಗುತ್ತೆ, ಕಂತು ಎಷ್ಟು ಎಂದು ಕೇಳಿದೆ. ಒಂದೆರಡು ಮಾತಿನ ಉತ್ತರ ಬಂತು. ಲೇತ್ ಬಗ್ಗೆ ಕೇಳಿದೆ, ಮಾತು ನಿಲ್ಲಲೇ ಇಲ್ಲ. ಕಟಿಂಗ್ ಸದ್ದು ಬದಲಾದರೆ ಟೂಲ್ ಸವೆದಿದೆ ಅಂತ ಗೊತ್ತಾಗೋದು, ಕಟ್ ಆಗಿ ಬೀಳುವ ಲೋಹದ ಚೂರು, ಅಂದರೆ ಚಿಪ್, ನೀಲಿಗೆ ತಿರುಗಿದರೆ ಬಿಸಿ ಜಾಸ್ತಿ ಅಂತ ತಿಳಿಯೋದು, ಎಲ್ಲ ಹೇಳಿದರು. ಹೇಳುತ್ತಾ ಹೇಳುತ್ತಾ ಕೈ ಗಾಳಿಯಲ್ಲೇ ಹ್ಯಾಂಡಲ್ ತಿರುಗಿಸುತ್ತಿತ್ತು. ಈ ಕೆಲಸದ ಮೇಲೆ ಇವರಿಗೆ ಬೇಸರ ಬಂದಿಲ್ಲ ಅಲ್ವಾ ಅನ್ನಿಸಿತು.

ಮುಂದಿನ ಭೇಟಿಯಲ್ಲಿ ನಿಜವಾದ ವಿಷಯ ಹೊರಬಂತು. ಈಗ ಮೆಷಿನ್ ನಡೆಸುವ ಹುಡುಗ ಇವರ ಕೈಕೆಳಗೇ ಅಪ್ರೆಂಟಿಸ್ ಆಗಿದ್ದವನು. ಒಂದು ದಿನ ಇವರು ಪ್ಯಾನೆಲ್ ಹತ್ತಿರ ಹೋದಾಗ, "ಅಣ್ಣಾ, ಮುಟ್ಬೇಡಿ, ಆಫ್‌ಸೆಟ್ ಹೋಗುತ್ತೆ" ಅಂದನಂತೆ. ಅದೂ ಎಲ್ಲರ ಎದುರು. "ಅವತ್ತಿಂದ ಊಟ ಸೇರ್ತಿಲ್ಲ, ನಿದ್ದೆ ಇಲ್ಲ" ಎಂದರು.

ಹುಡುಗನ ಮಾತಲ್ಲಿ ತಪ್ಪಿರಲಿಲ್ಲ. ಆಫ್‌ಸೆಟ್ ಅಂದರೆ ಟೂಲ್ ಎಲ್ಲಿದೆ ಅಂತ ಮೆಷಿನ್‌ಗೆ ತಿಳಿಸುವ ಅಂಕಿ; ಅದು ತಪ್ಪಿದರೆ ಟೂಲ್ ಹೋಗಿ, ಜಾಬ್ ಹಿಡಿದಿರುವ ಚಕ್‌ಗೆ ಬಡಿಯಬಹುದು. ಆದರೂ ರಂಗಣ್ಣನವರಿಗೆ ಆದ ನೋವು ಸಣ್ಣದಲ್ಲ. ಕಲಿಸಿದ ಕೈಗೆ ಎಲ್ಲರ ಮುಂದೆ ಬೇಡ ಅನ್ನಿಸಿಕೊಂಡರೆ ಯಾರಿಗಾದರೂ ಹಾಗೇ ಆಗುತ್ತೆ. ಇದನ್ನೇ ಅವರಿಗೆ ಹೇಳಿದೆ. "ಕೆಲಸ ಬಿಡಬೇಕು ಅನ್ನಿಸ್ತಿದೆಯೋ, ಆ ಜಾಗದಲ್ಲಿ ನಿಲ್ಲೋಕೆ ಆಗ್ತಿಲ್ಲವೋ?" ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಎರಡನೇದು" ಎಂದರು.

ಅಲ್ಲಿಂದ ದಾರಿ ಸುಲಭವಾಯಿತು. ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ ಸಿಎನ್‌ಸಿಯ ಅಲ್ಪಾವಧಿ ಕೋರ್ಸ್‌ಗಳಿವೆ. ರಾಜಾಜಿನಗರದಲ್ಲಿರುವ ಕೇಂದ್ರಕ್ಕೆ ಹೋಗಿ ವಿಚಾರಿಸಿ ಬನ್ನಿ ಎಂದೆ. ಸಿಎನ್‌ಸಿಗೆ ಕೊಡುವ ಆದೇಶಗಳಲ್ಲಿ ಜಿ00 ಅಂದರೆ ಟೂಲ್ ಬೇಗ ಸರಿಯುವುದು, ಜಿ01 ಅಂದರೆ ಫೀಡ್ ಕೊಟ್ಟು, ಅಂದರೆ ಟೂಲನ್ನು ಗೊತ್ತಾದ ವೇಗದಲ್ಲಿ ಮುಂದೆ ಸರಿಸುತ್ತಾ, ನೇರ ಕಟ್ ಮಾಡುವುದು. ಇಷ್ಟು ವರ್ಷ ಅವರ ಕೈ ಮಾಡಿದ್ದೂ ಅದನ್ನೇ. ಹುಡುಗನ ಹತ್ತಿರವೂ ಕೇಳಿ ಕಲಿಯಿರಿ, ಆದರೆ ಮೆಷಿನ್ ಹತ್ತಿರ ಎಲ್ಲರ ನಡುವೆ ಬೇಡ, ಟೀ ಕುಡಿಯುವಾಗ ಕೇಳಿ ಎಂದೆ. ಸ್ಟೇನ್‌ಲೆಸ್ ಸ್ಟೀಲ್ ಕಟ್ ಮಾಡುವಾಗ ಅವನಿಗೂ ಇವರ ಅನುಭವ ಬೇಕಾಗುತ್ತೆ.

ದುಡ್ಡಿನ ಮಾತನ್ನು ಇಬ್ಬರನ್ನೂ ಕೂರಿಸಿಕೊಂಡೇ ಆಡಿದೆ. ಪಿಎಫ್ ಒಡೆಯಬೇಡಿ. ಕಂಪನಿ ಬದಲಿಸಿದರೂ ಯುಎಎನ್, ಅಂದರೆ ನಿಮ್ಮ ಪಿಎಫ್ ಸಂಖ್ಯೆ, ಅದೇ ಇರುತ್ತೆ, ಹಣ ವರ್ಗಾಯಿಸಬಹುದು. ಪಿಎಫ್ ಜೊತೆಗಿನ ಪಿಂಚಣಿ ಯೋಜನೆಯಲ್ಲಿ 10 ವರ್ಷ ತುಂಬಿದವರಿಗೆ 58ನೇ ವಯಸ್ಸಿಗೆ ತಿಂಗಳ ಪಿಂಚಣಿ ಇದೆ. 10 ಅಥವಾ ಹೆಚ್ಚು ಜನ ಇರುವ ಕಡೆ 5 ವರ್ಷ ದುಡಿದು ಬಿಟ್ಟವರಿಗೆ ಗ್ರಾಚ್ಯುಟಿ, ಅಂದರೆ ಸೇವೆಗಾಗಿ ಮಾಲೀಕರು ಕೊಡುವ ಹಣ, ಸಿಗಬೇಕು. ಕೊನೆಯ ತಿಂಗಳ ಮೂಲ ವೇತನ (ಬೇಸಿಕ್) ಮತ್ತು ತುಟ್ಟಿಭತ್ಯೆ (ಡಿಎ) ಸೇರಿಸಿ 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಬೇಕು. 18,000 ರೂಪಾಯಿ ಹಿಡಿದರೆ ಇವರಿಗೆ ಸುಮಾರು 1.87 ಲಕ್ಷ ಬರುತ್ತೆ. ಸಿಟ್ಟಲ್ಲಿ ಹೊರಟವರಿಗೆ ಇದು ಗೊತ್ತೇ ಇರಲಿಲ್ಲ. ಎಷ್ಟೋ ಕಾರ್ಮಿಕರು ಹೀಗೆ ತಮ್ಮ ಹಕ್ಕಿನ ದುಡ್ಡನ್ನು ಕೇಳದೇ ಹೋಗುತ್ತಾರೆ. ನನಗೆ ತುಂಬಾ ಸಂಕಟ ಆಗುವ ವಿಷಯ ಇದು.

ನಿದ್ದೆ ಹೀಗೇ ಕೆಡುತ್ತಿದ್ದರೆ, ಬದುಕೇ ಬೇಡ ಅನ್ನುವಂಥ ಮಾತು ಬಂದರೆ ತಡಮಾಡಬೇಡಿ ಎಂದು ಹೆಂಡತಿಗೆ ಹೇಳಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ರಂಗಣ್ಣ ಈಗ ಕೋರ್ಸ್ ಸೇರಿದ್ದಾರೆ. ಆಟೋ ಆಸೆ ಬಿಟ್ಟಿಲ್ಲ, ಬಿಡಿ ಅಂತ ನಾನೂ ಹೇಳಿಲ್ಲ. ಭಾನುವಾರ ಭಾಮೈದನ ಗಾಡಿಯಲ್ಲಿ ಹೋಗಿ ಬಾಡಿಗೆ, ಡೀಸೆಲ್ ಲೆಕ್ಕ ಬರೆದುಕೊಂಡು ಬರುತ್ತಾರೆ. ಕೋರ್ಸ್ ಮುಗಿದ ಮೇಲೆ ಆ ಲೆಕ್ಕ ಇಟ್ಟುಕೊಂಡು ಗಂಡ ಹೆಂಡತಿ ಇಬ್ಬರೂ ಬರುತ್ತೇವೆ ಎಂದಿದ್ದಾರೆ.