ಶುಕ್ರನ ಮೋಡದಲ್ಲಿ ಮನೆ ಮಾಡಬಹುದಾ?

ಪ್ರಶ್ನೆ: ಸರ್, ಮೇ ತಿಂಗಳಲ್ಲಿ ನಮ್ಮ ಸೇಡಂನಲ್ಲೇ ಹೊರಗೆ ಕಾಲಿಡಲು ಆಗುವುದಿಲ್ಲ. ಶುಕ್ರ ಗ್ರಹದ ಮೇಲೆ ಮನುಷ್ಯರು ತೇಲುವ ಊರು ಕಟ್ಟಬಹುದು ಅಂತಾರೆ. ನಿಜಾನಾ, ಸುಮ್ನೆ ಹೇಳೋದಾ?
– ಪಿಯುಸಿ ವಿದ್ಯಾರ್ಥಿನಿ, ಸೇಡಂ

ಉತ್ತರ: ನೆಲದ ಮೇಲಾದರೆ ಆಗುವ ಮಾತೇ ಅಲ್ಲ, ತಂಗಿ. ಅಲ್ಲಿ ಸುಮಾರು 465 ಡಿಗ್ರಿ ಸೆಲ್ಸಿಯಸ್, ಸೀಸವೇ ಕರಗಿ ಹರಿಯುತ್ತದೆ. ಗಾಳಿಯ ಒತ್ತಡ ನಮ್ಮಲ್ಲಿಗಿಂತ 90 ಪಟ್ಟು. 1982ರಲ್ಲಿ ಇಳಿದ ಸೋವಿಯತ್ ನೌಕೆ ವೆನೆರಾ-13, ಅಷ್ಟು ಗಟ್ಟಿ ಮಾಡಿ ಕಳಿಸಿದರೂ, ಕೆಲಸ ಮಾಡಿದ್ದು 127 ನಿಮಿಷ.

ಮೇಲೆ ಹೋದಂತೆ ಕಥೆ ಬೇರೆ. 55 ಕಿ.ಮೀ. ಎತ್ತರದಲ್ಲಿ 30 ಡಿಗ್ರಿಯ ಆಸುಪಾಸು, ಒತ್ತಡ ನಮ್ಮಲ್ಲಿಯ ಅರ್ಧ. ಕಲಬುರಗಿಯ ಮೇ ಮಧ್ಯಾಹ್ನಕ್ಕಿಂತ ಅಲ್ಲೇ ತಂಪು!

ಇನ್ನು ತೇಲೋದು. ಶರಣಬಸವೇಶ್ವರ ಜಾತ್ರೆಯಲ್ಲಿ ದಾರ ಕಟ್ಟಿ ಮಾರುವ ಗ್ಯಾಸ್ ಬಲೂನು ನೋಡಿದ್ದೀಯಲ್ವಾ? ಅದೇ ಬಲೂನನ್ನು ಬಾಯಿಂದ ಊದಿದರೆ ಮೇಲೇಳುವುದಿಲ್ಲ, ನೆಲದ ಮೇಲೇ ಉರುಳಾಡುತ್ತದೆ. ಶುಕ್ರನಲ್ಲಿ ಹಾಗಲ್ಲ. ಅಲ್ಲಿ ಹೊರಗಿರೋದು ಶೇ 96ರಷ್ಟು ಕಾರ್ಬನ್ ಡೈಆಕ್ಸೈಡ್, ನಾವು ಉಸಿರಾಡುವ ಗಾಳಿ ಅದಕ್ಕಿಂತ ಮೂರನೇ ಒಂದು ಪಾಲು ಹಗುರ, ಹಾಗಾಗಿ ನಮ್ಮ ಗಾಳಿಯೇ ಅಲ್ಲಿ ಬಲೂನಿನ ಗ್ಯಾಸು. ಕೆಳಗೆ ಬುಟ್ಟಿ ಕಟ್ಟಿಕೊಂಡು ಕೂರಬೇಕಿಲ್ಲ, ಬಲೂನಿನ ಒಳಗೇ ಮನೆ ಮಾಡಬಹುದು. ಒಳಗೂ ಹೊರಗೂ ಒತ್ತಡ ಒಂದೇ ಇಟ್ಟರೆ ತೂತು ಬಿದ್ದರೂ ಪಟ್ ಅಂತ ಒಡೆಯುವುದಿಲ್ಲ. ಗಾಳಿ ನಿಧಾನಕ್ಕೆ ಬೆರೆಯುತ್ತದೆ, ಪಂಕ್ಚರ್ ಹಾಕಲು ಟೈಮ್ ಸಿಗುತ್ತದೆ. ನನಗೆ ಈ ಲೆಕ್ಕ ಬಹಳ ಹಿಡಿಸಿದೆ.

ಬಲೂನು ಹಾರಿಸಿಯೂ ಆಗಿದೆ. 1985ರ ಜೂನ್‌ನಲ್ಲಿ ಸೋವಿಯತ್ತಿನ ವೆಗಾ ನೌಕೆಗಳು ಎರಡು ಹೀಲಿಯಂ ಬಲೂನು ಬಿಟ್ಟವು. ಮೂರೂವರೆ ಮೀಟರ್ ಅಗಲದವು, ಗಂಧಕಾಮ್ಲದ ಮೋಡ ತಿನ್ನದಂತೆ ಟೆಫ್ಲಾನ್ ಬಳಸಿದ್ದರು. ಗಂಟೆಗೆ 240 ಕಿ.ಮೀ. ಗಾಳಿಗೆ ಸಿಕ್ಕಿ ಎರಡು ದಿನದ ಹತ್ತಿರ, ತಲಾ ಸುಮಾರು 11,000 ಕಿ.ಮೀ. ಸಾಗಿದವು. ಅಷ್ಟು ಹೊತ್ತೂ ಸಂಕೇತ ಭೂಮಿಗೆ ಬರುತ್ತಿತ್ತು.

ಹಾಗಾದರೆ ತೊಡಕೇನು? ಸಾಮಾನು. ನಾವು ಮನೆಗೆ ಶಹಾಬಾದ್ ಕಲ್ಲು ತಂದು ಹಾಸುತ್ತೇವೆ. ಮೋಡದಲ್ಲಿ ಕಲ್ಲೆಲ್ಲಿ, ಮಣ್ಣೆಲ್ಲಿ? ಒಂದು ಮೊಳೆ ಬೇಕಾದರೂ ಭೂಮಿಯಿಂದಲೇ ಹೋಗಬೇಕು. ನೀರನ್ನು ಆ ಆಸಿಡ್ ಹನಿ ಕಾಯಿಸಿಯೇ ಬಿಡಿಸಿಕೊಳ್ಳಬೇಕು. ವಾಪಸ್ ಬರೋದು ಇನ್ನೂ ಕಷ್ಟ. ಶುಕ್ರನ ಸೆಳೆತ ಭೂಮಿಯ ಹತ್ತರಲ್ಲಿ ಒಂಬತ್ತು ಪಾಲು. ಅಂದರೆ ಶ್ರೀಹರಿಕೋಟಾದಲ್ಲಿ ಏಳುವಂಥ ರಾಕೆಟ್ಟನ್ನು ಬಲೂನಿಗೆ ನೇತುಹಾಕಿಕೊಂಡು, ಅಲ್ಲಿಂದಲೇ ಹಾರಿಸಬೇಕು.