ತೋಟಕ್ಕೂ ಕಾಡಂಚಿಗೂ ಒಂದೇ ಬೈನಾಕ್ಯುಲರ್

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮ ಅಡಿಕೆ ತೋಟವಿದೆ. ಮಂಗಗಳು ಯಾವ ಕಡೆಯಿಂದ ಇಳಿಯುತ್ತವೆಂದು ನೋಡಲು, ಬಿಡುವಾದಾಗ ಹಕ್ಕಿ ನೋಡಲು ಜೇಬಿಗೆ ಹಿಡಿಸುವ ಬೈನಾಕ್ಯುಲರ್ ಬೇಕು. ಅಂಗಡಿಯವರು ‘ಶಿಕಾರಿ ಮಾದರಿ’ ಎಂದು 10×25 ತೋರಿಸಿದರು. ನಾನು ಕನ್ನಡಕ ಹಾಕುತ್ತೇನೆ. ಕೊಳ್ಳಬಹುದೇ?

ಉತ್ತರ: ಬೇಡ. 8×32 ಕೊಳ್ಳಿ. ಅದು ಜೇಬಿಗೆ ಹಿಡಿಸದು, ಕೊರಳಿಗೆ ಹಾಕಿಕೊಂಡರೆ ಭಾರವೂ ಆಗದು.

ಮೊದಲ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ವ್ಯಾಸ, ಮಿಲಿಮೀಟರಿನಲ್ಲಿ. ವ್ಯಾಸವನ್ನು ಹಿಗ್ಗುವಿಕೆಯಿಂದ ಭಾಗಿಸಿದರೆ ಕಣ್ಣಿಗೆ ಇಳಿಯುವ ಬೆಳಕಿನ ವೃತ್ತದ ಅಗಲ ಸಿಗುತ್ತದೆ. 10×25ರಲ್ಲಿ ಅದು 2.5 ಮಿ.ಮೀ., 8×32ರಲ್ಲಿ 4 ಮಿ.ಮೀ. ಸುಡುಬಿಸಿಲಿನಲ್ಲಿ ಕಣ್ಣಿನ ಪಾಪೆಯೇ ಎರಡು ಮೂರು ಮಿ.ಮೀ.ಗೆ ಕಿರಿದಾಗುವುದರಿಂದ ವ್ಯತ್ಯಾಸ ಅಷ್ಟಾಗಿ ತಿಳಿಯದು. ತೋಟದ ನೆರಳಿನಲ್ಲಿ, ಮಳೆಗಾಲದ ಮೋಡದಡಿ, ಬೆಳಗಿನ ಮಬ್ಬಿನಲ್ಲಿ ಪಾಪೆ ಅರಳುತ್ತದೆ. ಸಣ್ಣ ಬೈನಾಕ್ಯುಲರ್ ಆಗ ಸೋಲುತ್ತದೆ. ವರ್ಷದ ಅರ್ಧಭಾಗ ಮಲೆನಾಡಿನ ಬೆಳಕೇ ಅಂಥದ್ದು. ಸಾಲದ್ದಕ್ಕೆ ಹತ್ತು ಪಟ್ಟು ಹಿಗ್ಗಿಸಿದರೆ ಕೈನಡುಕವೂ ಹತ್ತು ಪಟ್ಟು ಹಿಗ್ಗುತ್ತದೆ, ನೋಟದ ಹರಹು ಸಾಮಾನ್ಯವಾಗಿ ಕಿರಿದಾಗುತ್ತದೆ. ಮರದಿಂದ ಮರಕ್ಕೆ ನೆಗೆಯುವ ಮಂಗವನ್ನು ಹುಡುಕುವಷ್ಟರಲ್ಲಿ ಅದು ಆಚೆ ತೋಟ ಸೇರಿರುತ್ತದೆ. ಜೇಬಿನದೇ ಆಗಬೇಕೆಂದರೆ 8×25 ಇರಲಿ, 10×25 ಖಂಡಿತ ಬೇಡ.

ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿ. ಕೈ ಚಾಚಿ ಹಿಡಿದು, ಬಾಗಿಲಾಚೆಯ ಆಕಾಶಕ್ಕೆ ತಿರುಗಿಸಿ, ಕಣ್ಣಿಡುವ ಗಾಜನ್ನು ದೂರದಿಂದಲೇ ನೋಡಿ. ಬೆಳಕಿನ ಚುಕ್ಕೆ ದುಂಡಗೆ, ಅಂಚಿನವರೆಗೂ ಒಂದೇ ಸಮನಾಗಿರಬೇಕು. ಅಂಚು ಬೂದುಬಣ್ಣಕ್ಕೆ ತಿರುಗಿ ಚೌಕದಂತೆ ಕಂಡರೆ ಒಳಗಿನ ಪಟ್ಟಕ (ಪ್ರಿಸಂ) ಅಗ್ಗದ್ದು. ಆಮೇಲೆ ಕಣ್ಣಿಡುವ ಕಡೆಯ ರಬ್ಬರ್ ಬಟ್ಟಲನ್ನು ಪೂರ್ತಿ ಇಳಿಸಿ, ಕನ್ನಡಕದ ಮೇಲೆಯೇ ಇಟ್ಟು ನೋಡಿ. ದೃಶ್ಯದ ಸುತ್ತಂಚು ಪೂರ್ಣವಾಗಿ ಕಾಣಬೇಕು. ವಿವರಪಟ್ಟಿಯಲ್ಲಿ ‘ಐ ರಿಲೀಫ್’, ಅಂದರೆ ಪೂರ್ಣ ದೃಶ್ಯ ಕಾಣುವಂತೆ ಕಣ್ಣು ಗಾಜಿನಿಂದ ಎಷ್ಟು ದೂರವಿರಬಹುದು ಎಂಬ ಅಳತೆ, 15 ಮಿ.ಮೀ.ಗಿಂತ ಕಡಿಮೆಯಿದ್ದರೆ ಕನ್ನಡಕದ ನಿಮಗೆ ಕಷ್ಟ.

‘ಶಿಕಾರಿ’ ಎಂಬುದು ವ್ಯಾಪಾರದ ಹೆಸರಷ್ಟೇ. ಹೊರದೇಶದ ಬೇಟೆಗಾರರೂ ನಸುಕಿನ ಬೆಳಕಿಗೆಂದು ದೊಡ್ಡ ಮಸೂರವನ್ನೇ ಆರಿಸುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ. ಹಕ್ಕಿಗಳಿಗಂತೂ ಎಂಟು ಪಟ್ಟು ಧಾರಾಳ. ಮಳೆಗಾಲದಲ್ಲಿ ಮಂಡಗದ್ದೆಗೆ ಹೋದರೆ ತುಂಗೆಯ ನಡುಗಡ್ಡೆಯಲ್ಲಿ ಗೂಡು ಕಟ್ಟಿದ ಬೆಳ್ಳಕ್ಕಿ, ನೀರುಕಾಗೆಗಳನ್ನು ದಡದಿಂದಲೇ ಚೆನ್ನಾಗಿ ನೋಡಬಹುದು.

ನಮ್ಮ ಕಡೆ ಬೈನಾಕ್ಯುಲರ್‌ಗಳನ್ನು ಕೊಲ್ಲುವುದು ಬೂಷ್ಟು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ. ತೀರ್ಥಹಳ್ಳಿಯ ತೇವವೇನೂ ಕಡಿಮೆಯಲ್ಲ. ಹಾಗಾಗಿ ನೈಟ್ರೋಜನ್ ತುಂಬಿ ಮುಚ್ಚಿದ, ಪೂರ್ಣ ಜಲನಿರೋಧಕ ಮಾದರಿಗೇ ಹಣ ಹಾಕಿ. ಚರ್ಮದ ಚೀಲ ತೇವ ಹಿಡಿದಿಡುತ್ತದೆ. ಮನೆಯಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ. ಹಳೆಯದನ್ನು ಕೊಳ್ಳುವುದಾದರೆ ದೊಡ್ಡ ಮಸೂರದ ಕಡೆಯಿಂದ ಟಾರ್ಚ್ ಬಿಟ್ಟು ಒಳಗೆ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬೇಡಿ.