ಜೆರುಸಲೇಮಿನ ರಾಯಭಾರ ಕಚೇರಿ: ನಂಬಿಕೆಯೋ, ಮತಗಳ ಲೆಕ್ಕವೋ?

2018ರಲ್ಲಿ, ಟ್ರಂಪ್ ಅಧ್ಯಕ್ಷರಾಗಿದ್ದಾಗ, ಅಮೆರಿಕ ಇಸ್ರೇಲಿನಲ್ಲಿರುವ ತನ್ನ ರಾಯಭಾರ ಕಚೇರಿಯನ್ನು ಟೆಲ್ ಅವೀವ್‌ನಿಂದ ಜೆರುಸಲೇಮಿಗೆ ಸ್ಥಳಾಂತರಿಸಿದ್ದು ಧಾರ್ಮಿಕ ನಂಬಿಕೆಯಿಂದಲೋ ಚುನಾವಣೆಯ ಲೆಕ್ಕಾಚಾರದಿಂದಲೋ ಎಂದು ತಾವು ಕೇಳಿದ್ದೀರಿ. ಇವೆರಡನ್ನೂ ಬೇರ್ಪಡಿಸಿ ನೋಡುವುದು ಕಷ್ಟವೆಂದೇ ನನ್ನ ಅನಿಸಿಕೆ.

ಸ್ಥಳಾಂತರದ ಕಾನೂನನ್ನು ಅಮೆರಿಕದ ಸಂಸತ್ತು 1995ರಲ್ಲಿಯೇ ಅಂಗೀಕರಿಸಿತ್ತು. ಆದರೆ ಕ್ಲಿಂಟನ್, ಬುಷ್, ಒಬಾಮ ಮೂವರೂ ರಾಷ್ಟ್ರೀಯ ಭದ್ರತೆಯ ಕಾರಣ ನೀಡಿ ಆರು ತಿಂಗಳಿಗೊಮ್ಮೆ ಅದನ್ನು ಮುಂದೂಡುತ್ತ ಬಂದರು. ತಮ್ಮ ದೈವಶ್ರದ್ಧೆಯನ್ನು ಎಂದೂ ಮುಚ್ಚಿಡದ ಬುಷ್ ಅವರೇ ಹೀಗೆ ಮಾಡಿದ್ದನ್ನು ನೋಡಿದರೆ, ಅಧ್ಯಕ್ಷರ ವೈಯಕ್ತಿಕ ಭಕ್ತಿಗಿಂತ ಅವರ ಬೆನ್ನಿಗಿರುವ ಇವ್ಯಾಂಜೆಲಿಕಲ್ (ಬೈಬಲ್ಲೇ ಪರಮಪ್ರಮಾಣವೆಂದು ನಂಬುವ ಪ್ರಾಟೆಸ್ಟೆಂಟ್ ಕ್ರೈಸ್ತ) ಮತದಾರರ ಒತ್ತಾಯವೇ ಇಲ್ಲಿ ಹೆಚ್ಚು ಕೆಲಸ ಮಾಡಿದೆ ಎನ್ನಿಸುತ್ತದೆ.

ಆ ಮತದಾರರದು ಮಾತ್ರ ಬರಿಯ ಲೆಕ್ಕವಲ್ಲ. ಯಹೂದಿಗಳು ಪವಿತ್ರಭೂಮಿಗೆ ಮರಳುವುದು ಬೈಬಲ್ಲಿನ ಭವಿಷ್ಯವಾಣಿಯ ನೆರವೇರಿಕೆ, ಇಸ್ರೇಲನ್ನು ಹರಸುವ ರಾಷ್ಟ್ರವನ್ನು ದೇವರು ಹರಸುತ್ತಾನೆ ಎಂದು ಅವರಲ್ಲಿ ಅನೇಕರು ಮನಸಾರೆ ನಂಬುತ್ತಾರೆ. ಮೇ 14ರ ಉದ್ಘಾಟನೆಯನ್ನೇ ನೋಡಿ: ಆರಂಭದ ಪ್ರಾರ್ಥನೆಯನ್ನು ಸಲ್ಲಿಸಿದವರು ಟೆಕ್ಸಾಸಿನ ಪಾದ್ರಿ ರಾಬರ್ಟ್ ಜೆಫ್ರೆಸ್, ಕೊನೆಯ ಆಶೀರ್ವಚನ ನೀಡಿದವರು ಅದೇ ರಾಜ್ಯದ ಜಾನ್ ಹೇಗಿ. (ಯಹೂದಿಯಾಗಿದ್ದುಕೊಂಡು ಮುಕ್ತಿ ಪಡೆಯಲಾಗದು ಎಂದು ಹಿಂದೆ ಹೇಳಿದ್ದವರು ಇದೇ ಜೆಫ್ರೆಸ್ ಎಂಬುದು ವಿಚಿತ್ರವಾದರೂ ನಿಜ.) ಅದೇ ದಿನ ಗಾಜಾದ ಗಡಿಯಲ್ಲಿ ಇಸ್ರೇಲಿ ಸೈನಿಕರ ಗುಂಡಿಗೆ ಹತ್ತಾರು ಪ್ಯಾಲೆಸ್ಟೀನಿಯರು ಬಲಿಯಾದರು.

ತಮ್ಮ ಪ್ರಶ್ನೆಗೆ ಅತ್ಯಂತ ನೇರವಾದ ಉತ್ತರವನ್ನು ಟ್ರಂಪ್ ಅವರೇ ನೀಡಿದ್ದಾರೆ: 2020ರ ಆಗಸ್ಟಿನಲ್ಲಿ, ವಿಸ್ಕಾನ್ಸಿನ್ನಿನ ಚುನಾವಣಾ ಸಭೆಯೊಂದರಲ್ಲಿ, ಈ ಸ್ಥಳಾಂತರವನ್ನು ಇವ್ಯಾಂಜೆಲಿಕಲ್ ಕ್ರೈಸ್ತರಿಗಾಗಿ ಮಾಡಿದ್ದಾಗಿ ಹೇಳಿ, ಯಹೂದಿಗಳಿಗಿಂತ ಅವರೇ ಹೆಚ್ಚು ಉತ್ಸುಕರಾಗಿದ್ದಾರೆ ಎಂದೂ ಸೇರಿಸಿದರು.